ಸ್ಟೇಪ್ಲರ್ ಟ್ರೇಡು

ಕೆಲಸ ಮಾಡುತ್ತಲೇ ಕಲಿಯುವ ಅಪ್ರೆಂಟಿಸ್‌ಗಳಿಗೆಂದು ಸರ್ಕಾರ ಮಾಡಿದ ಟ್ರೇಡ್ ಪಟ್ಟಿಯಲ್ಲಿ ಫಿಟ್ಟರ್ ಇದೆ, ಟರ್ನರ್ ಇದೆ, ವೆಲ್ಡರ್ ಇದೆ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಸೈಟು-ಕಾರ್ಖಾನೆಗಳಲ್ಲಿ ನಿಜಕ್ಕೂ ಕಲಿಸುವ ಟ್ರೇಡು ಮಾತ್ರ ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಅದರ ಹೆಸರು ಸ್ಟೇಪ್ಲರ್. ಅವಧಿ ಒಂದು ವರ್ಷ. ಮೊದಲ ತಿಂಗಳು ಗೇಟ್ ಪಾಸ್ ಬರೆಯುವುದು, ಎರಡನೆಯ ತಿಂಗಳು ಜೆರಾಕ್ಸ್, ಮೂರನೆಯ ತಿಂಗಳಿಂದ ಹಾಜರಿ ಪುಸ್ತಕವನ್ನು ಎಕ್ಸೆಲ್‌ಗೆ ಇಳಿಸುವುದು. ಐಚ್ಛಿಕ ವಿಷಯವೂ ಉಂಟು: ಯಾರಿಗೆ ಒಗ್ಗರಣೆ-ಮಿರ್ಚಿ, ಯಾರಿಗೆ ಸಕ್ಕರೆ ಇಲ್ಲದ ಚಹಾ ಎಂಬ ನೆನಪು. ಇದರಲ್ಲಿ ಫೇಲಾದವರನ್ನು ಶಿಕ್ಷೆ ಅಂತ ಮಷಿನ್ ಹತ್ತಿರ ಕಳಿಸುತ್ತಾರೆ. ಪಾಪ, ಅವರು ಕೆಲಸ ಕಲಿತುಬಿಡುತ್ತಾರೆ.

ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. 2019ರಲ್ಲಿ ತಿದ್ದಿದ ನಿಯಮದ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆ, ಗುತ್ತಿಗೆ ಆಳುಗಳನ್ನೂ ಲೆಕ್ಕಕ್ಕೆ ಹಿಡಿದು, ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅದೇ ನಿಯಮ 2019ರಲ್ಲಿ ಕಟ್ಟಿದ ಕನಿಷ್ಠ ಸ್ಟೈಪೆಂಡ್ (ತರಬೇತಿ ಭತ್ಯೆ) ಐಟಿಐ ಮಾಡಿದವರಿಗೆ ತಿಂಗಳಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರ ಎಂಜಿನಿಯರಿಗೆ 9,000 ರೂಪಾಯಿ. ಪದವಿ ಮತ್ತು ಡಿಪ್ಲೊಮಾದವರ ಕನಿಷ್ಠ ಸ್ಟೈಪೆಂಡಿನಲ್ಲಿ ಅರ್ಧ ಹಣವನ್ನು ಕೇಂದ್ರ ಸರ್ಕಾರವೇ ತುಂಬಿಕೊಡುವ ಯೋಜನೆಯೂ ಇದೆ.

ಇಷ್ಟು ಓದಿ ನಮ್ಮ ಅಕೌಂಟೆಂಟ್ ಸಾಹೇಬರು ಸುಮ್ಮನೆ ಕೂರುವವರಲ್ಲ. 2014ರ ತಿದ್ದುಪಡಿಯ ದಂಡದ ಕಲಮನ್ನೂ ಓದುತ್ತಾರೆ. ಭರ್ತಿಯಾಗದ ಪ್ರತಿ ಸೀಟಿಗೆ ಮೊದಲ ಮೂರು ತಿಂಗಳು ತಿಂಗಳಿಗೆ 500 ರೂಪಾಯಿ, ಆಮೇಲೆ ತಿಂಗಳಿಗೆ 1,000. ಅದಕ್ಕೂ ಮುಂಚೆ ಕಾರಣ ಹೇಳಲು ಒಂದು ತಿಂಗಳ ನೋಟಿಸು ಬೇರೆ. 400 ಜನರ ಕಾರ್ಖಾನೆಗೆ ಕನಿಷ್ಠ 10 ಸೀಟು ಎಂದುಕೊಳ್ಳಿ. 2019ರ ದರದಲ್ಲಿ ಹತ್ತು ಪದವೀಧರರನ್ನು ತೆಗೆದುಕೊಂಡರೆ ಸರ್ಕಾರದ ಪಾಲು ಕಳೆದು ತಿಂಗಳಿಗೆ 45,000. ಯಾರನ್ನೂ ತೆಗೆದುಕೊಳ್ಳದೆ ದಂಡ ಕಟ್ಟಿದರೆ ಹೆಚ್ಚೆಂದರೆ 10,000. ಕಾನೂನು ಮುರಿಯುವುದಕ್ಕೆ ಇಷ್ಟು ಸೋವಿ ದರ ಇಟ್ಟವರನ್ನು ದಾಸೋಹಿಗಳು ಎನ್ನದೆ ಬೇರೇನು ಅನ್ನೋಣ?

ಎರಡನೆಯ ಜಾತಿಯ ಮಾಲೀಕರು ಇನ್ನೂ ಜಾಣರು. ಅವರು ದಂಡ ಕಟ್ಟುವುದಿಲ್ಲ, ಶೇ. 15ನ್ನೂ ತುಂಬುತ್ತಾರೆ. ಅಪ್ರೆಂಟಿಸ್ ಎಂದರೆ ಅವರಿಗೆ ಪಿಎಫ್ ಇಲ್ಲದ, ಆ ದರದಲ್ಲಿ ದಿನಕ್ಕೆ 300 ರೂಪಾಯಿಯ, ಇಂಗ್ಲಿಷ್ ಟೈಪಿಂಗ್ ಬರುವ ಆಳು. ಕಾಯ್ದೆಯ 18ನೇ ಕಲಮು ಅವನನ್ನು ಕಾರ್ಮಿಕ ಅಲ್ಲ, ಕಲಿಯುವವನು ಎನ್ನುತ್ತದೆ. ಕಲಿಸಲು ಯಾರಿಗೂ ಪುರುಸೊತ್ತಿಲ್ಲ, ಹಾಗಾಗಿ ಕಲಿಯುವವನೂ ಅಲ್ಲ. ಹಾಗಾದರೆ ಯಾರವನು? ಆಫೀಸಿನಲ್ಲಿ ಎಲ್ಲರಿಗೂ ಗೊತ್ತು: “ಏ ತಮ್ಮಾ, ಸ್ವಲ್ಪ ಇಲ್ಲಿ ಬಾ.”

ಈಗ ಸೈಟಿಗೆ ಬನ್ನಿ. ಏಪ್ರಿಲ್ ತಿಂಗಳು, ಬಳ್ಳಾರಿಯ ಬಿಸಿಲು, ಮಧ್ಯಾಹ್ನ ಹನ್ನೆರಡಕ್ಕೆ ಸ್ಲ್ಯಾಬ್ ಹಾಕುತ್ತಿದ್ದಾರೆ. ಸಿಮೆಂಟಿಗೆ ನೀರಿನ ಪ್ರಮಾಣ 0.5 ಎಂದು ಡ್ರಾಯಿಂಗ್ ಜೊತೆಗಿನ ಮಿಕ್ಸ್ ಡಿಸೈನಿನಲ್ಲಿ ಬರೆದಿದೆ. ಅಂದರೆ 50 ಕೆ.ಜಿ. ಚೀಲಕ್ಕೆ 25 ಲೀಟರ್, ಮರಳಿನಲ್ಲಿರುವ ತೇವವನ್ನೂ ಅದರಲ್ಲೇ ಹಿಡಿಯಬೇಕು. ಮಿಕ್ಸರಿನಿಂದ ಬಿದ್ದ ಮಾಲು ಹತ್ತು ನಿಮಿಷದಲ್ಲಿ ಬಿರುಸಾಗುತ್ತದೆ. ಮಾಲನ್ನು ಅಲುಗಿಸಿ ಇಳಿಸುವ ವೈಬ್ರೇಟರ್ ನೀಡಲ್ ಕೆಟ್ಟು ಮೂಲೆಯಲ್ಲಿ ಮಲಗಿದೆ. ಮೇಸ್ತ್ರಿ ಕೂಗುತ್ತಾನೆ: “ಇಳೀವಲ್ದು, ಒಂದು ಬಕೆಟ್ ಹೊಡೀರೋ!” ಹತ್ತು ಲೀಟರ್ ಬಕೆಟ್ ಒಂದು ಬಿದ್ದರೆ 25 ಇದ್ದದ್ದು 35 ಆಯಿತು, 0.5 ಇದ್ದದ್ದು 0.7 ಆಯಿತು. ಕಾಂಕ್ರೀಟು ಪಾಯಸದಂತೆ ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ಹೆಚ್ಚಾದ ಆ ನೀರು ಆಮೇಲೆ ಆವಿಯಾಗಿ ಹೋಗುತ್ತದೆ, ತಾನಿದ್ದ ಜಾಗವನ್ನು ತೂತಾಗಿ ಬಿಟ್ಟು. ಆ ತೂತುಗಳಿಂದ ಮಳೆ ನೀರು ರಾಡಿಗೆ ಮುಟ್ಟುತ್ತದೆ, ರಾಡು ತುಕ್ಕು ಹಿಡಿದು ಉಬ್ಬುತ್ತದೆ, ಕೆಲವು ವರ್ಷಕ್ಕೆ ಚಾವಣಿಯ ಪದರು ಕಳಚಿ ಮಂಚದ ಮೇಲೆ ಬೀಳುತ್ತದೆ.

ಅಪ್ರೆಂಟಿಸ್ ಎಂಜಿನಿಯರ್ ಹುಟ್ಟಬೇಕಾದದ್ದು ಈ ಬಕೆಟ್ಟಿನ ಎದುರು. 300 ಮಿ.ಮೀ. ಎತ್ತರದ ಸ್ಲಂಪ್ ಕೋನ್ ತುಂಬಿ, ಎತ್ತಿ, ಮಾಲು ಎಷ್ಟು ಕುಸಿಯಿತು ಎಂದು ಅಳೆಯಬೇಕು. ನೀರಿನ ಬದಲು ಮಾಲನ್ನು ಸಡಿಲ ಮಾಡುವ ರಾಸಾಯನಿಕ, ಪ್ಲಾಸ್ಟಿಸೈಸರ್, ಎಷ್ಟು ಹಾಕಬಹುದು ಎಂದು ಲೆಕ್ಕ ತೋರಿಸಬೇಕು. ಎಲ್ಲಕ್ಕಿಂತ ಮೊದಲು “ಮೇಸ್ತ್ರಿ, ಇದು ಬ್ಯಾಡ” ಎನ್ನುವ ಧೈರ್ಯ ಬರಬೇಕು. ಈ ಧೈರ್ಯ ಪುಸ್ತಕದಲ್ಲಿ ಬರುವುದಿಲ್ಲ. ಹತ್ತು ಸ್ಲ್ಯಾಬು ನೋಡಿದ ಹಿರಿಯ ಎಂಜಿನಿಯರ್ ಪಕ್ಕದಲ್ಲಿ ನಿಂತಿದ್ದರೆ ಬರುತ್ತದೆ. ನಮ್ಮ ಹುಡುಗ ಆ ಹೊತ್ತಿಗೆ ಎಲ್ಲಿದ್ದಾನೆ? ಕಂಟ್ರಾಕ್ಟರ್ ಬಿಲ್ಲಿಗೆ ಪಿನ್ ಹೊಡೆಯುತ್ತಿದ್ದಾನೆ.

ಕಾಂಕ್ರೀಟಿನ ಬಲ ಪರೀಕ್ಷಿಸುವ ಕ್ಯೂಬ್ ವಿಷಯ ಬಂದಾಗ ಮಾತ್ರ ಅವನಿಗೆ ಒಂದು ವಿದ್ಯೆ ಹೇಳಿಕೊಡುತ್ತಾರೆ. 150 ಮಿ.ಮೀ. ಅಚ್ಚಿಗೆ ಮೂರು ಪದರು, ಪದರಿಗೆ 35 ಕುಟ್ಟು, ಮರುದಿನ ಬಿಚ್ಚಿ ನೀರಿನ ತೊಟ್ಟಿಗೆ, 28ನೇ ದಿನ ಪ್ರೆಸ್ಸಿಗೆ. ಕೆಲವು ಸೈಟಿನಲ್ಲಿ ಆ ಅಚ್ಚಿನ ಮಾಲಿಗೆ ಒಂದು ಬೊಗಸೆ ಸಿಮೆಂಟು ಕಾಣಿಕೆ ಬೀಳುತ್ತದೆ. ಸ್ಲ್ಯಾಬಿಗೆ ಬಿಸಿಲಲ್ಲಿ ಮೂರು ದಿನ ಗೋಣಿಚೀಲ, ಕ್ಯೂಬಿಗೆ ನೆರಳಲ್ಲಿ 28 ದಿನ ಜಲವಾಸ. ಒಣ ಬಿಸಿಲಿನ ಊರಲ್ಲಿ ಮಾಮೂಲಿ ಸಿಮೆಂಟಿಗೆ ಕನಿಷ್ಠ 10 ದಿನ, ಹಾರುಬೂದಿ ಬೆರೆತಿದ್ದರೆ 14 ದಿನ ತೇವ ಬೇಕು ಎನ್ನುತ್ತದೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456. ಹೀಗಾಗಿ ಕ್ಯೂಬು ಡಿಸ್ಟಿಂಕ್ಷನ್‌ನಲ್ಲಿ ಪಾಸಾಗುತ್ತದೆ. ಜನ ವಾಸಿಸುವುದು ಕ್ಯೂಬಿನಲ್ಲಿ ಅಲ್ಲ ಎಂಬುದು ಸಣ್ಣ ತಾಂತ್ರಿಕ ಅಡಚಣೆ.

ಕಾರ್ಖಾನೆಯ ಕಡೆ ನೋಡಿದರೆ ಕನ್ವೇಯರಿನ ಬೇರಿಂಗು ಇದೇ ಕಥೆಯನ್ನು ಲೋಹದಲ್ಲಿ ಹೇಳುತ್ತದೆ. ಅದಿರು ಸಾಗಿಸುವ ಬೆಲ್ಟಿನ ಡ್ರಮ್ಮಿಗೆ 22220 ಕೆ ಬೇರಿಂಗು ಬಂದಿದೆ ಅನ್ನಿ. ಕೊನೆಯ ಎರಡಂಕಿಗೆ ಐದು ಗುಣಿಸಿದರೆ ಬೋರು, ಅಂದರೆ ಒಳತೂತಿನ ಅಗಲ: 100 ಮಿ.ಮೀ. ಹುಡುಗ ವರ್ನಿಯರ್ ಹಿಡಿದು ಶಾಫ್ಟ್ ಅಳೆದರೆ 90 ಬರುತ್ತದೆ. ತಪ್ಪು ಮಾಲು ಬಂದಿದೆ ಎಂದು ಸ್ಟೋರಿಗೆ ವಾಪಸ್ ಮಾಡುತ್ತಾನೆ. ‘ಕೆ’ ಎಂದರೆ ಇಳಿಜಾರು ಬೋರು, ನಡುವೆ ಅಡಾಪ್ಟರ್ ಸ್ಲೀವ್ ಕೂರುತ್ತದೆ ಎಂದು ಹೇಳಲು ಒಂದು ನಿಮಿಷ ಸಾಕಿತ್ತು.

ಕೂರಿಸುವ ಮೊದಲು ರೋಲರಿಗೂ ಹೊರ ರಿಂಗಿಗೂ ನಡುವಿನ ಸಂದನ್ನು ತೆಳು ಪಟ್ಟಿಗಳ ಫೀಲರ್ ಗೇಜಿನಿಂದ ಅಳೆಯಬೇಕು. ನಟ್ ಬಿಗಿಯುತ್ತ ಹೋದಂತೆ ಸಂದು ಕಿರಿದಾಗುತ್ತದೆ. ಈ ಅಳತೆಯ ಬೇರಿಂಗಿಗೆ ಸಂದು ಸುಮಾರು 0.05 ಮಿ.ಮೀ. ಕಡಿಮೆಯಾದಾಗ ಕೈ ನಿಲ್ಲಬೇಕು. ಇನ್ನೂ ಬಿಗಿದರೆ ಓಡುವಾಗ ಕಾದು, ಉಬ್ಬಿ, ಸಂದೇ ಇಲ್ಲದೆ ಬೇರಿಂಗು ಹಿಡಿದುಕೊಳ್ಳುತ್ತದೆ. ಸಡಿಲ ಬಿಟ್ಟರೆ ಸ್ಲೀವ್ ಶಾಫ್ಟಿನ ಮೇಲೆ ಜಾರಿ ಶಾಫ್ಟನ್ನೇ ತಿನ್ನುತ್ತದೆ. ಕೊನೆಗೆ ಲಾಕ್ ವಾಷರಿನ ಕಿವಿ ಮಡಚಬೇಕು. ಹೌಸಿಂಗಿನ ಖಾಲಿ ಜಾಗದಲ್ಲಿ ಗ್ರೀಸು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಾಕು. ಆದರೆ ನಮ್ಮಲ್ಲಿ ಗ್ರೀಸು ಎಂದರೆ ಮದುವೆ ಮನೆಯ ತುಪ್ಪ. ಒತ್ತಾಯ ಮಾಡಿ ತುಂಬುತ್ತಾರೆ. ರೋಲರುಗಳು ಅದನ್ನು ಕಡೆದು ಕಡೆದು ಕಾಯಿಸಿ ತಾವೂ ಸಾಯುತ್ತವೆ. ಇನ್ನು ಕೆಲವರ ಬಳಿ ಫೀಲರ್ ಗೇಜಿಗಿಂತ ಹಳೆಯ ಉಪಕರಣ ಇದೆ, ಸುತ್ತಿಗೆ. ಹೊರ ರಿಂಗಿಗೆ ಕೊಟ್ಟ ಪೆಟ್ಟು ರೋಲರುಗಳ ಮೂಲಕ ಹಾದು ಓಟದ ದಾರಿಯಲ್ಲಿ ಸಣ್ಣ ಗುಳಿ ಹಾಕುತ್ತದೆ. ವರ್ಷಗಟ್ಟಲೆ ಬರಬೇಕಾದ ಬೇರಿಂಗು ಕೆಲವೇ ವಾರಕ್ಕೆ ಕಿರುಚುತ್ತದೆ. ಆಗ ಮೀಟಿಂಗ್ ಕರೆಯುತ್ತಾರೆ, ತೀರ್ಮಾನ ಒಂದೇ: “ಈಗಿನ ಬೇರಿಂಗ್ ಕ್ವಾಲಿಟಿ ಸರಿ ಇಲ್ಲ.” ಅಪ್ರೆಂಟಿಸ್ ಮಿನಿಟ್ಸ್ ಟೈಪ್ ಮಾಡುತ್ತಾನೆ.

ಸ್ಟೈಪೆಂಡಿಗೆ ಲೆಡ್ಜರಿನಲ್ಲಿ ಒಂದು ತಲೆಬರಹ ಇದೆ. ನಿಂತ ಬೆಲ್ಟಿಗೆ, ಕಳಚಿದ ಚಾವಣಿಗೆ ‘ಕಲಿಸದೆ ಬಿಟ್ಟದ್ದರ ಖರ್ಚು’ ಎಂಬ ತಲೆಬರಹ ಇನ್ನೂ ಯಾವ ಟ್ಯಾಲಿಯಲ್ಲೂ ಬಂದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ಕಿತ್ತು ಗೇಟು ಕೊಚ್ಚಿ ಹೋಯಿತು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈತರು ಎರಡನೇ ಬೆಳೆಯ ನೀರು ನದಿಗೆ ಓಡುವುದನ್ನು ನೋಡುತ್ತ ನಿಂತರು. ಆಗ ಕರೆ ಹೋದದ್ದು ಯಾರಿಗೆ? ಎಂದೋ ನಿವೃತ್ತರಾದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರಿಗೆ. ಅವರ ಮುಂದಾಳತ್ವದಲ್ಲಿ ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಬದಲಿಗೆ ಇಳಿಸುವ ತಾತ್ಕಾಲಿಕ ತಡೆ) ಇಳಿಸಿದರು. ಕೆಲಸಗಾರರಿಗೆ ಜೈಕಾರ ಹಾಕಿದೆವು, ಹಾಕಬೇಕಾದದ್ದೇ. ಆದರೆ ಆ ಹಿರಿಯರ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ನಿಲ್ಲಬೇಕಾದ ಇಪ್ಪತ್ತೆರಡರ ಹುಡುಗರು ಎಷ್ಟಿದ್ದರು ಎಂದು ಕೇಳಿದವರು ಕಡಿಮೆ. ಮುಂದಿನ ಚೈನ್ ಕಿತ್ತಾಗ ಫೋನ್ ಮಾಡಲು ನಂಬರ್ ಇದ್ದರೆ ಸಾಕು ಎಂಬುದು ನಮ್ಮ ತರಬೇತಿ ನೀತಿ.

ವರ್ಷ ಮುಗಿಯಲು ಒಂದು ವಾರ ಇರುವಾಗ ಲಾಗ್‌ಬುಕ್ ನೆನಪಾಗುತ್ತದೆ. 52 ವಾರದ ಕೆಲಸವನ್ನು ಎರಡು ರಾತ್ರಿಯಲ್ಲಿ ಬರೆಯಬೇಕು. ಒಂದೇ ಪೆನ್ನಾದರೆ ಅನುಮಾನ ಬರುತ್ತದೆ, ಅದಕ್ಕೆ ಮೂರು ಪೆನ್ನು. ‘ಪಂಪ್ ಅಲೈನ್‌ಮೆಂಟ್ ಕಲಿತೆನು’, ‘ಗೇರ್ ಬಾಕ್ಸ್ ಬಿಚ್ಚುವುದನ್ನು ಕಲಿತೆನು’. ಕ್ಯಾಲೆಂಡರ್ ನೋಡದೆ ಬರೆದದ್ದಕ್ಕೆ ಯುಗಾದಿಯ ದಿನವೂ ಗೇರ್ ಬಾಕ್ಸ್ ಬಿಚ್ಚಿರುತ್ತಾನೆ. ಸೂಪರ್‌ವೈಸರ್ ಒಂದೇ ಕೂರಿನಲ್ಲಿ 52 ಸಹಿ ಹಾಕಿ ಬೆರಳು ನೆಟಿಕೆ ಮುರಿಯುತ್ತಾರೆ.

ಸರ್ಟಿಫಿಕೇಟು ಆನ್‌ಲೈನಿನಲ್ಲಿ ಬರುತ್ತದೆ. ಹುಡುಗ ಅದನ್ನು ಆಫೀಸಿನ ಪ್ರಿಂಟರಿನಲ್ಲೇ ತೆಗೆಯುತ್ತಾನೆ, ಲ್ಯಾಮಿನೇಶನ್ ಮಷಿನ್ ಬಿಸಿಯಾಗಲು ಬಿಟ್ಟು, ಹಾಳೆಯನ್ನು ಅಂಚಿನಿಂದ ನಿಧಾನ ತೂರಿಸಿ, ಆ ಕಡೆಯಿಂದ ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಾನೆ. ಕಾಂಕ್ರೀಟಿನಲ್ಲಿ ಹನಿಕೋಂಬ್, ಜೇನುಗೂಡಿನಂಥ ತೂತು, ಇರಬಹುದು. ಆ ಲ್ಯಾಮಿನೇಶನ್ನಿನಲ್ಲಿ ಒಂದೇ ಒಂದು ಗುಳ್ಳೆ ಇಲ್ಲ.