ಸತ್ಯಾಂಶ: ವಯಸ್ಸು ಕೂಡಿಸುವ ಲೆಕ್ಕ

ಹುಟ್ಟಿದ ವರ್ಷಕ್ಕೆ ವಯಸ್ಸು ಕೂಡಿದರೆ ಎಲ್ಲರಿಗೂ ಈ ವರ್ಷವೇ ಬರುತ್ತೆ, ಇದು ಸಾವಿರ ವರ್ಷಕ್ಕೊಮ್ಮೆ ಮಾತ್ರ! ಮಂಡ್ಯದ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಓಡಾಡುವ ಮೆಸೇಜ್ ಇದು. ಲೆಕ್ಕ ಸರಿ, ಸಾವಿರ ವರ್ಷದ ಮಾತು ತಪ್ಪು. ಖುಷಿಗೆ ಕಳಿಸುತ್ತಾರೆ, ಇರಲಿ.

ಹಳೇ ವರ್ಷ ಹಾಕಿ ನೋಡಿ. ಗಣರಾಜ್ಯ ಶುರುವಾದ 1950ರ ಜನವರಿ 26ರಂದೇ ಮಂಡ್ಯದಲ್ಲಿ ಒಂದು ಮಗು ಹುಟ್ಟಿತು ಅಂದುಕೊಳ್ಳಿ. 1956ರ ನವೆಂಬರ್ 1ರಂದು ಏಕೀಕರಣವಾದಾಗ ಅದಕ್ಕೆ 6. ಕೂಡಿದರೆ 1956. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದಾಗ 23. ಕೂಡಿದರೆ 1973. ಪ್ರತಿ ವರ್ಷವೂ ಹೀಗೇ ಅಲ್ವಾ? ಆ ವರ್ಷದ ಹುಟ್ಟುಹಬ್ಬ ಇನ್ನೂ ಬಂದಿರದಿದ್ದರೆ ಮಾತ್ರ 1 ಕಡಿಮೆ ಬರುತ್ತದೆ, ಡಿಸೆಂಬರ್‌ನಲ್ಲಿ ಹುಟ್ಟಿದವರಿಗೆ ನವೆಂಬರ್‌ನಲ್ಲಿ ಆಗುವ ಹಾಗೆ.

ಗಣ್ಯರ ಜನನ, ಮರಣದ ಫಾರ್ವರ್ಡ್‌ಗಳಿಗೂ ಇದೇ ಲೆಕ್ಕ. ತೀರಿಕೊಂಡ ವರ್ಷದಲ್ಲಿ ಹುಟ್ಟಿದ ವರ್ಷ ಕಳೆಯಿರಿ. ಬರೆದಿರುವ ವಯಸ್ಸಿಗೂ ಇದಕ್ಕೂ 1ಕ್ಕಿಂತ ಜಾಸ್ತಿ ವ್ಯತ್ಯಾಸವಿದ್ದರೆ ಎಲ್ಲೋ ತಾರೀಕು ತಪ್ಪಿದೆ.