ಮಾರುವ ಮೊದಲು ಲೆಕ್ಕ ಹಾಕಿ
ಮಂಗಳೂರಿನ ನೆಹರೂ ಮೈದಾನದಲ್ಲಿ ಪಂದ್ಯದ ದಿನ ಬಿಯರ್ ಮಾರಿದರೆ ಫುಟ್‌ಬಾಲ್ ಕ್ಲಬ್‌ಗಳಿಗೆ ನಾಲ್ಕು ಕಾಸು ಬರುತ್ತದೆ ಎಂಬ ವಾದ ಒಪ್ಪುವುದು ಕಷ್ಟ. ಇಂಗ್ಲೆಂಡನ್ನು ತೋರಿಸುವವರು ಅಲ್ಲಿನ 1985ರ ಕಾಯ್ದೆಯನ್ನೂ ನೋಡಬೇಕು. ದೊಡ್ಡ ಲೀಗ್‌ಗಳಲ್ಲಿ ಆಟ ಕಾಣುವ ಜಾಗದಲ್ಲಿ ಕುಡಿಯುವಂತಿಲ್ಲ, ಗ್ಯಾಲರಿಯ ಹಿಂದೆ ಮಾತ್ರ. ಹಾಗಾಗಿ 15 ನಿಮಿಷದ ವಿರಾಮದಲ್ಲಿ ಎಲ್ಲರೂ ಒಟ್ಟಿಗೆ ಕೌಂಟರಿಗೆ ನುಗ್ಗಿ ಗಟಗಟ ಕುಡಿಯುತ್ತಾರೆ. ನಮ್ಮ ಬಯಲು ಮೈದಾನದಲ್ಲಿ ಆ ‘ಹಿಂದೆ’ ಎಲ್ಲಿದೆ?

ಇನ್ನು ಪ್ರಮಾಣ. ನಮ್ಮಲ್ಲಿ ಹೆಚ್ಚು ಓಡುವುದು 650 ಮಿಲಿ ಗಾಜಿನ ಬಾಟಲಿ. ಶೇ. 8ರ ಸ್ಟ್ರಾಂಗ್ ಆದರೆ ಒಂದರಲ್ಲೇ 52 ಮಿಲಿ ಮದ್ಯಸಾರ, ಶೇ. 5ರ 330 ಮಿಲಿಯಲ್ಲಿ ಹದಿನಾರೂವರೆ. ಮೂರು ಪಟ್ಟು! ಮಾರಲೇಬೇಕೆಂದರೆ ಸ್ಟ್ರಾಂಗ್ ಬೇಡ, ಬಾಟಲಿ ಕೌಂಟರಿನೊಳಗೇ ಉಳಿಯಲಿ, ಕಾಗದದ ಲೋಟಕ್ಕೆ ಸುರಿದು ಕೊಡಿ, ಒಬ್ಬರಿಗೆ ಒಂದು ಸಲಕ್ಕೆ ಒಂದೇ. ವಿರಾಮ ಮುಗಿದೊಡನೆ ಮುಚ್ಚಿ. ಕೊನೆಯ ಲೋಟ ಪೂರ್ತಿ ತಲೆಗೇರಲು ಅರ್ಧದಿಂದ ಒಂದು ಗಂಟೆ ಬೇಕು, ತಡವಾಗಿ ಕುಡಿದವನಿಗೆ ಅದು ಏರುವುದು ಬೈಕ್ ಸ್ಟಾರ್ಟ್ ಮಾಡುವ ಹೊತ್ತಿಗೆ.

ಶಾಲಾ ಮಕ್ಕಳ ಪಂದ್ಯದ ದಿನವಂತೂ ಈ ಮಾತೇ ಬೇಡ. ಕ್ಲಬ್‌ಗೆ ದುಡ್ಡು ಬೇಕಿದ್ದರೆ ಚರುಮುರಿ, ಶರಬತ್ತಿನ ಸ್ಟಾಲ್ ಹಾಕಲಿ. ಅದಕ್ಕೆ ಅಬಕಾರಿ ಲೈಸೆನ್ಸೂ ಬೇಕಿಲ್ಲ.