ಗರ್ಭ ಹೋದರೆ ಪೊಲೀಸರಿಗೆ ತಿಳಿಸಬೇಕಿಲ್ಲ: ಒಂದು ಸ್ಪಷ್ಟನೆ

ಬಾಗಲಕೋಟೆ, ಜಮಖಂಡಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಮನೆಯಲ್ಲಿ ಗರ್ಭ ಹೋದರೆ 24 ಗಂಟೆಯೊಳಗೆ ಪೊಲೀಸರಿಗೆ ಹೇಳಬೇಕು, ಇಲ್ಲದಿದ್ದರೆ ಜೈಲು ಅಂತ. ಹೋದ ವಾರ ನಮ್ಮ ಓಣಿಯ ಗುಂಪಿಗೆ ನಾನೂ ಅದನ್ನು ಕಳಿಸಿದ್ದೆ. ಅದು ತಪ್ಪು, ದಯವಿಟ್ಟು ಕ್ಷಮಿಸಿ.

ನಮ್ಮ ದೇಶದಲ್ಲಿ ಇಂಥ ಕಾನೂನು ಇಲ್ಲ. ತಾನಾಗಿ ಗರ್ಭ ಹೋಗುವುದು ಅಪರಾಧವಲ್ಲ. ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಂ ಇರುವುದು ಬೇಕೆಂದೇ ಮಾಡಿದ ಗರ್ಭಪಾತಕ್ಕೆ. ಅದರಲ್ಲೂ 1971ರ ಎಂಟಿಪಿ ಕಾಯ್ದೆಯಂತೆ (ವೈದ್ಯರಿಂದ ಗರ್ಭಪಾತ ಮಾಡಿಸಿಕೊಳ್ಳುವುದರ ಕಾನೂನು) ವೈದ್ಯರು ಮಾಡಿದ್ದಕ್ಕೆ ರಕ್ಷಣೆ ಇದೆ. 2021ರ ತಿದ್ದುಪಡಿ ಇನ್ನೂ ಮುಂದೆ ಹೋಗಿದೆ. ಹಾಗೆ ಗರ್ಭಪಾತ ಮಾಡಿಸಿಕೊಂಡವರ ಹೆಸರನ್ನು ವೈದ್ಯರು ಕಾನೂನಿನ ಅಧಿಕಾರ ಇಲ್ಲದವರಿಗೆ ಹೇಳಿದರೆ, ವೈದ್ಯರಿಗೇ ಒಂದು ವರ್ಷದವರೆಗೆ ಜೈಲಾಗಬಹುದು.

24 ಗಂಟೆಯ ಮಾತು ಇದ್ದದ್ದು ಅಮೆರಿಕದ ವರ್ಜೀನಿಯಾ ರಾಜ್ಯದ 2009ರ ಒಂದು ಮಸೂದೆಯಲ್ಲಿ. ಅಲ್ಲೂ ಅದು ಕಾನೂನಾಗಲಿಲ್ಲ.

28 ವಾರ ತುಂಬಿದ ಮೇಲೆ ಮಗು ಹೊಟ್ಟೆಯಲ್ಲೇ ತೀರಿಕೊಂಡರೆ ನೋಂದಣಿ ಮಾಡಿಸಬೇಕು, ನಿಜ. ಅದು ಜನನ ಮರಣ ನೋಂದಣಿ ಕಚೇರಿಯಲ್ಲಿ, ಠಾಣೆಯಲ್ಲಲ್ಲ.

ನನಗೆ ಜಾಸ್ತಿ ಚಿಂತೆ ಬೇರೆಯದು. ರಕ್ತ ಹೋಗುತ್ತಿರುವ ಹೆಣ್ಣುಮಗಳು ಕೇಸಿಗೆ ಹೆದರಿ ಮನೆಯಲ್ಲೇ ಉಳಿದರೆ ಜೀವಕ್ಕೇ ಅಪಾಯ, ಅಲ್ವಾ? ಅಕ್ಕಂದಿರೇ, ಹೆದರಬೇಡಿ. ತಡಮಾಡದೆ 108ಕ್ಕೆ ಕರೆ ಮಾಡಿ, ಇಲ್ಲವೇ ಆಶಾ ಕಾರ್ಯಕರ್ತೆಗೆ ಹೇಳಿ.

ಆ ಮೆಸೇಜ್ ಇನ್ನು ಮುಂದೆ ಯಾರಿಗೂ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.